ಲೆಕ್ಕ ಸರಿಯಿದ್ದರೂ ಉತ್ತರ ಕೂಡಿಬರದಿರುವುದೇಕೆ? ವೋಲ್ಟ್, ಆಂಪಿಯರ್, ಓಮ್, ವಾಟ್‌ಗಳ ವಿಚಾರ

ಪ್ರಶ್ನೆ: ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮೊದಲ ವರ್ಷ ಓದುತ್ತಿದ್ದೇನೆ, ಊರು ಸಾಗರದ ಹತ್ತಿರ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಪವರ್ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ. ಅದನ್ನು ಮನೆಯಲ್ಲಿ ಅಳೆದು ನೋಡಿದೆ. 2000 ವಾಟ್ ಗೀಸರಿನ ಕಾಯಿಲ್ 27 ಓಮ್ ತೋರಿಸಿತು, ಲೆಕ್ಕ ಕೂಡಿಬಂತು. ಕೋಳಿಮರಿಗಳಿಗೆ ಶಾಖಕ್ಕೆಂದು ಇಟ್ಟಿರುವ 100 ವಾಟಿನ ಹಳೇ ಬಲ್ಬು 38 ಓಮ್ ತೋರಿಸಿತು. ಆ ಲೆಕ್ಕದಲ್ಲಿ ಅದು 1400 ವಾಟ್ ಹತ್ತಿರ ಆಗಬೇಕು! ಮನೆಯ ಬೋರಿನ 1 ಎಚ್‌ಪಿ (ಅಶ್ವಶಕ್ತಿ) ಸಿಂಗಲ್ ಫೇಸ್ ಮೋಟರ್ 230 ವೋಲ್ಟಿನಲ್ಲಿ 7 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ 1610 ವಾಟ್. ಒಂದು ಎಚ್‌ಪಿ ಅಂದರೆ 746 ವಾಟ್ ಅಲ್ಲವೇ? ಇನ್ನೊಂದು ವಿಷಯ: ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಗೀಸರಿನ ನೀರು ಬೇಗ ಕಾಯುವುದಿಲ್ಲ, ಆದರೆ ಮೋಟರಿನ ಆಂಪಿಯರ್ ಮಾತ್ರ ಏರುತ್ತದೆ. ಸೂತ್ರವನ್ನು ನಂಬಲೋ, ಮೀಟರನ್ನು ನಂಬಲೋ?

ಉತ್ತರ: ಎರಡನ್ನೂ ನಂಬಿ. ನಿಮ್ಮ ಮಲ್ಟಿಮೀಟರ್ ಕೊಟ್ಟ ಅಂಕಿಗಳೆಲ್ಲ ಆಯಾ ವಸ್ತುವಿಗೆ ಸಹಜವಾದವೇ, ಗುಣಾಕಾರ ಭಾಗಾಕಾರವೂ ಸರಿಯಾಗಿಯೇ ಇದೆ. ತೊಡಕಿರುವುದು ಒಂದೇ ಕಡೆ: ತಣ್ಣಗಿದ್ದಾಗ ಅಳೆದ ಓಮನ್ನು ಉರಿಯುವಾಗಿನ ವೋಲ್ಟಿನ ಜೊತೆ ಸೇರಿಸಿದ್ದೀರಿ, ಮೋಟರ್ ಒಳಕ್ಕೆ ಎಳೆದುಕೊಂಡದ್ದನ್ನು ಅದರ ಶಾಫ್ಟಿನಲ್ಲಿ ಹೊರಬರುವುದರ ಪಕ್ಕ ಇಟ್ಟು ನೋಡಿದ್ದೀರಿ. ವೋಲ್ಟ್, ಆಂಪಿಯರ್, ಓಮ್ ಮೂರೂ ಒಂದೇ ವಸ್ತುವಿನವು, ಒಂದೇ ಹೊತ್ತಿನವು ಆಗಿದ್ದರೆ ಮಾತ್ರ ಸೂತ್ರ ಅವುಗಳನ್ನು ಕೂಡಿಸುತ್ತದೆ. ನೀವು ಅಳೆದ ಮೂರು ವಸ್ತುಗಳು ಮೂರು ಬೇರೆ ಜಾತಿಯವು. ಒಂದೊಂದಾಗಿ ನೋಡೋಣ.

ಬೇಕಾದ ಸೂತ್ರಗಳನ್ನು ಮೊದಲು ಬರೆದುಕೊಳ್ಳಿ.

ಓಮ್ = ವೋಲ್ಟ್ ÷ ಆಂಪಿಯರ್
ವಾಟ್ = ವೋಲ್ಟ್ × ಆಂಪಿಯರ್
ವಾಟ್ = ಆಂಪಿಯರ್ × ಆಂಪಿಯರ್ × ಓಮ್
ವಾಟ್ = ವೋಲ್ಟ್ × ವೋಲ್ಟ್ ÷ ಓಮ್

ಮೊದಲ ಎರಡು ಗೊತ್ತಿದ್ದರೆ ಉಳಿದೆರಡು ತಾವಾಗಿ ಬರುತ್ತವೆ, ಬಾಯಿಪಾಠ ಮಾಡಬೇಕಾಗಿಲ್ಲ.

ಗೀಸರಿನ ಲೆಕ್ಕ ಕೂಡಿಬಂದದ್ದಕ್ಕೆ ಕಾರಣ ಅದರ ಕಾಯಿಲಿನ ಲೋಹ, ನೈಕ್ರೋಮ್. ಕೆಂಪಗೆ ಕಾದರೂ ಅದರ ರೋಧ ಶೇಕಡ ಕೆಲವೇ ಪಾಲು ಏರುತ್ತದೆ. ನಿಮ್ಮ ಗೀಸರಿನಲ್ಲಂತೂ ಸುತ್ತ ನೀರಿರುವುದರಿಂದ ಅಷ್ಟು ಕಾಯುವ ಪ್ರಸಂಗವೂ ಇಲ್ಲ. ಹಾಗಾಗಿ ಪ್ಲಗ್ ಕಿತ್ತು ಅಳೆದ 27 ಓಮ್, ನೀರು ಕಾಯಿಸುವಾಗಲೂ ಹೆಚ್ಚುಕಡಿಮೆ 27 ಓಮೇ. 230 × 230 ÷ 27 ಮಾಡಿದರೆ 1959 ವಾಟ್. 2000 ಎಂದು ಬರೆದ ಗೀಸರಿಗೆ ಇದು ಸರಿಯಾದ ಅಂಕಿ.

190 ವೋಲ್ಟಿಗೆ ಇದೇ ಲೆಕ್ಕ ಮಾಡಿ. 190 × 190 ÷ 27 ಅಂದರೆ 1337 ವಾಟ್. ವೋಲ್ಟೇಜ್ ಇಳಿದದ್ದು ಶೇ. 17ರಷ್ಟು, ಪವರ್ ಇಳಿದದ್ದು ಶೇ. 32ರಷ್ಟು. ವೋಲ್ಟೇಜ್ ಕಡಿಮೆಯಾದಾಗ ಆಂಪಿಯರೂ ಕಡಿಮೆಯಾಗುತ್ತದೆ (8.5ರಿಂದ 7ಕ್ಕೆ ಬಂತು), ಎರಡೂ ಸೇರಿ ಪವರನ್ನು ಕೆಳಗೆ ಎಳೆಯುತ್ತವೆ. ಹತ್ತು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಹದಿನೈದು ನಿಮಿಷ ಬೇಕಾಗುವುದು ಇದಕ್ಕೇ. ಇಸ್ತ್ರಿಪೆಟ್ಟಿಗೆಯೂ ಇದೇ ಜಾತಿ. ಇಂಥ ಶುದ್ಧ ಕಾಯಿಲಿನ ಉಪಕರಣಗಳಿಗೆ ನಿಮ್ಮ ಪಾಠದ ಸೂತ್ರ ಯಾವ ತಿದ್ದುಪಡಿಯೂ ಇಲ್ಲದೆ ಹೊಂದುತ್ತದೆ. ಬ್ಯಾಟರಿ, ಸೋಲಾರ್ ಪ್ಯಾನೆಲಿನ ಡಿಸಿ ಲೋಡುಗಳಿಗೂ ವೋಲ್ಟ್ × ಆಂಪಿಯರ್ ನೇರವಾಗಿ ವಾಟ್.

ಇನ್ನು ಬಲ್ಬು. ಮಲ್ಟಿಮೀಟರ್ ಓಮ್ ಅಳೆಯುವುದು ಹೇಗೆ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಅದು ತನ್ನೊಳಗಿನ ಬ್ಯಾಟರಿಯಿಂದ ಅತಿ ಸಣ್ಣ ಕರೆಂಟನ್ನು ವಸ್ತುವಿನೊಳಗೆ ಹರಿಸಿ, ಎರಡು ತುದಿಗಳ ನಡುವೆ ಎಷ್ಟು ವೋಲ್ಟೇಜ್ ಬಂತೆಂದು ನೋಡಿ, ನಿಮ್ಮ ಪರವಾಗಿ ತಾನೇ ಭಾಗಾಕಾರ ಮಾಡಿ ತೋರಿಸುತ್ತದೆ. ಅಷ್ಟು ಸಣ್ಣ ಕರೆಂಟಿಗೆ ಬಲ್ಬಿನ ಟಂಗ್‌ಸ್ಟನ್ ಎಳೆ ಬೆಚ್ಚಗೂ ಆಗುವುದಿಲ್ಲ. ನೀವು ಅಳೆದದ್ದು ಕೋಣೆಯ ಉಷ್ಣಾಂಶದಲ್ಲಿರುವ ಎಳೆಯನ್ನು. ಬಲ್ಬು ಉರಿಯುವಾಗ ಅದೇ ಎಳೆ 2500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಅದರ ರೋಧ 230 × 230 ÷ 100, ಅಂದರೆ 529 ಓಮ್. ತಣ್ಣಗಿದ್ದಾಗಿನ 38 ಓಮಿಗೆ ಹೋಲಿಸಿದರೆ ಸುಮಾರು ಹದಿನಾಲ್ಕು ಪಟ್ಟು. ಎರಡೂ ಅಂಕಿ ಸತ್ಯ, ಆದರೆ ಒಂದೇ ಹೊತ್ತಿನವಲ್ಲ.

ನೀವು ಲೆಕ್ಕ ಹಾಕಿದ 1400 ವಾಟ್ ಕೂಡ ಸುಳ್ಳಲ್ಲ. ಸ್ವಿಚ್ ಹಾಕಿದ ಆ ಕ್ಷಣಕ್ಕೆ, ಎಳೆ ಇನ್ನೂ ತಣ್ಣಗಿರುವಾಗ, 230ನ್ನು 38ರಿಂದ ಭಾಗಿಸಿದರೆ ಬರುವ 6 ಆಂಪಿಯರ್ ನಿಜಕ್ಕೂ ನುಗ್ಗುತ್ತದೆ. ಎಸಿ ಅಲೆಯ ತುದಿ 325 ವೋಲ್ಟ್ ಮುಟ್ಟುವುದರಿಂದ ಸ್ವಿಚ್ ಸರಿಯಾಗಿ ಆ ಗಳಿಗೆಯಲ್ಲಿ ಬಿದ್ದರೆ ಇನ್ನೂ ಹೆಚ್ಚು. ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆ ಕಾಯುತ್ತದೆ, ರೋಧ ಏರುತ್ತದೆ, ಕರೆಂಟು 0.43 ಆಂಪಿಯರಿಗೆ ಬಂದು ನಿಲ್ಲುತ್ತದೆ. ಹಳೇ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಆಗುವುದೇ ಹೆಚ್ಚು. ಆ ಮೊದಲ ನೂಕಿಗೆ ಸವೆದ ಎಳೆ ತಡೆಯದು. ಎಲ್‌ಇಡಿ ಬಲ್ಬಿಗೆ ಮಾತ್ರ ಈ ಪರೀಕ್ಷೆ ಮಾಡಲು ಹೋಗಬೇಡಿ. ಅದರೊಳಗೆ ಡಯೋಡು, ಡ್ರೈವರ್ ಇರುತ್ತವೆ. ಮಲ್ಟಿಮೀಟರಿನ ಸಣ್ಣ ವೋಲ್ಟೇಜಿಗೆ ಅವು ಬಾಗಿಲು ತೆರೆಯುವುದೇ ಇಲ್ಲ. ಅಲ್ಲಿ ಸಿಗುವ ಓಮಿಗೆ ಅರ್ಥವಿಲ್ಲ.

ಇಲ್ಲಿ ಓಮ್ ಅವರ ಪ್ರಯೋಗದ ಒಂದು ಮಾತು ಹೇಳಬೇಕು. ಗೇಯಾರ್ಗ್ ಸೈಮನ್ ಓಮ್ ಜರ್ಮನಿಯ ಕಲೋನ್ ನಗರದ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದವರು. ಬೇರೆ ಬೇರೆ ಉದ್ದದ ತಂತಿಗಳಲ್ಲಿ ಕರೆಂಟ್ ಎಷ್ಟು ಹರಿಯುತ್ತದೆಂದು ಅಳೆಯಲು ಹೊರಟಾಗ, ಆ ಕಾಲದ ವೋಲ್ಟಾ ಬ್ಯಾಟರಿಯ ಶಕ್ತಿ ಅಳೆಯುತ್ತಿದ್ದಂತೆಯೇ ಕುಗ್ಗಿ ಅಂಕಿಗಳನ್ನೆಲ್ಲ ಕೆಡಿಸುತ್ತಿತ್ತು. ಕೊನೆಗೆ ಅವರು ಬ್ಯಾಟರಿಯನ್ನು ಬಿಟ್ಟು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿದರು. ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಆ ಎರಡು ಉಷ್ಣಾಂಶಗಳು ಕದಲವಾದ್ದರಿಂದ ವೋಲ್ಟೇಜೂ ಕದಲಲಿಲ್ಲ. ಅದಾದ ಮೇಲೆಯೇ ನಿಯಮ ಸ್ಪಷ್ಟವಾಗಿ ಕಂಡದ್ದು. 1827ರಲ್ಲಿ ಪುಸ್ತಕವಾಗಿ ಬಂತು. ಉಷ್ಣಾಂಶ ಮೊದಲಾದ ಸ್ಥಿತಿಗಳು ಬದಲಾಗದಿದ್ದರೆ ಎಂಬ ಷರತ್ತನ್ನು ನಿಮ್ಮ ಪಠ್ಯದಲ್ಲಿ ನಿಯಮದ ಜೊತೆಗೇ ಬರೆದಿರುತ್ತಾರೆ. ಪರೀಕ್ಷೆಗೆ ಓದುವಾಗ ಅದನ್ನು ಎಲ್ಲರೂ ಹಾರಿಸುತ್ತಾರೆ. ನಿಮ್ಮ ಬಲ್ಬು ಎತ್ತಿ ತೋರಿಸಿದ್ದು ಆ ಷರತ್ತನ್ನೇ.

ಮೋಟರಿನ ವಿಷಯ ಸ್ವಲ್ಪ ಆಳವಾದದ್ದು. ನಿಧಾನವಾಗಿ ಓದಿ.

ಮೊದಲನೆಯದಾಗಿ, ನೇಮ್ ಪ್ಲೇಟಿನಲ್ಲಿರುವ 1 ಎಚ್‌ಪಿ ಅಂದರೆ ಮೋಟರ್ ಶಾಫ್ಟಿನಲ್ಲಿ ಹೊರಕ್ಕೆ ಕೊಡುವ ಪವರ್. ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚೇ ಇರಬೇಕು, ಏಕೆಂದರೆ ವೈಂಡಿಂಗ್ (ಒಳಗೆ ಸುತ್ತಿದ ತಾಮ್ರದ ತಂತಿ) ಕಾಯುವುದು, ಆ ತಂತಿ ಸುತ್ತಿದ ಕಬ್ಬಿಣದ ಕೋರಿನಲ್ಲಿ ಆಗುವ ನಷ್ಟ, ಬೇರಿಂಗಿನ ತಿಕ್ಕಾಟ ಎಲ್ಲವೂ ಇದರೊಳಗೇ ಬರಬೇಕು. ಸಣ್ಣ ಸಿಂಗಲ್ ಫೇಸ್ ಮೋಟರುಗಳಲ್ಲಿ ಎಳೆದದ್ದರ ಮೂರನೇ ಒಂದು ಪಾಲು ಹೀಗೆ ಹೋಗುವುದು ಸಾಮಾನ್ಯ.

ಎರಡನೆಯದಾಗಿ, 230 × 7 = 1610 ಬಂತಲ್ಲ, ಅದು ವಾಟ್ ಅಲ್ಲ; ವೋಲ್ಟ್-ಆಂಪಿಯರ್. ಎಸಿಯಲ್ಲಿ ವೋಲ್ಟೇಜ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟಿ ದಿಕ್ಕು ಬದಲಿಸುತ್ತದೆ. ಗೀಸರಿನಲ್ಲಿ ಕರೆಂಟೂ ಅದರ ಜೊತೆಗೇ ಏರಿ ಇಳಿಯುತ್ತದೆ, ಪ್ರತಿ ಕ್ಷಣದ ಗುಣಲಬ್ಧವೂ ಶಾಖವಾಗುತ್ತದೆ. ಮೋಟರಿನ ವೈಂಡಿಂಗ್ ಕಾಂತಕ್ಷೇತ್ರ ಕಟ್ಟಬೇಕಾದ್ದರಿಂದ ಅದರ ಕರೆಂಟ್ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಪ್ರತಿ ಅಲೆಯಲ್ಲೂ ವೋಲ್ಟೇಜ್ ಒಂದು ದಿಕ್ಕಿಗೆ, ಕರೆಂಟ್ ಇನ್ನೊಂದು ದಿಕ್ಕಿಗೆ ಇರುವ ಸಣ್ಣ ಅವಧಿ ಬರುತ್ತದೆ. ಆಗ ಮೋಟರ್ ಶಕ್ತಿಯನ್ನು ಎಳೆಯುವುದಿಲ್ಲ. ಕಾಂತಕ್ಷೇತ್ರದಲ್ಲಿ ಇಟ್ಟದ್ದನ್ನು ಲೈನಿಗೆ ವಾಪಸು ಕೊಡುತ್ತದೆ. ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಆಂಪಿಯರ್ ಅಳೆಯುವ ಮೀಟರ್) ಹೋದದ್ದನ್ನೂ ಬಂದದ್ದನ್ನೂ ಸೇರಿಸಿ 7 ಆಂಪಿಯರ್ ಎನ್ನುತ್ತದೆ. ನಿಜವಾದ ವಾಟ್ ಬೇಕಾದರೆ ಈ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದ, ಅಂದರೆ ವೋಲ್ಟ್-ಆಂಪಿಯರಿನಲ್ಲಿ ಎಷ್ಟು ಪಾಲು ನಿಜವಾದ ವಾಟ್ ಎಂದು ಹೇಳುವ ಅಂಕಿಯಿಂದ, ಗುಣಿಸಬೇಕು.

ಪವರ್ ಫ್ಯಾಕ್ಟರನ್ನು ಮನೆಯಲ್ಲಿ ಕಂಡುಹಿಡಿಯಲು ಬೇರೆ ಉಪಕರಣ ಬೇಕಿಲ್ಲ. ನಿಮ್ಮ ಗೋಡೆಯ ಮೇಲಿರುವ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಕೆಂಪು ದೀಪವಿದೆ. ಅದರ ಪಕ್ಕ ಒಂದು ಯೂನಿಟ್ಟಿಗೆ (ಒಂದು ಕಿಲೋವಾಟ್ ಒಂದು ಗಂಟೆ ಓಡಿದಷ್ಟಕ್ಕೆ) ಎಷ್ಟು ಮಿಣುಕು ಎಂದು ಮುದ್ರಿಸಿರುತ್ತಾರೆ. ಎಷ್ಟೋ ಮೀಟರುಗಳಲ್ಲಿ ಅದು 3200. ಮನೆಯ ಉಳಿದೆಲ್ಲ ಸ್ವಿಚ್ಚುಗಳನ್ನು, ಫ್ರಿಜ್ಜನ್ನೂ ಸೇರಿಸಿ, ಆರಿಸಿ. ಮೋಟರ್ ಒಂದನ್ನೇ ಓಡಿಸಿ, ಒಂದು ನಿಮಿಷದಲ್ಲಿ ಎಷ್ಟು ಸಲ ಮಿಣುಕಿತು ಎಣಿಸಿ. ಉದಾಹರಣೆಗೆ 68 ಸಲ ಎಂದಿಟ್ಟುಕೊಳ್ಳಿ. 68ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ 1.275 ಕಿಲೋವಾಟ್, ಅಂದರೆ 1275 ವಾಟ್. ಇದು ನಿಜವಾದ ವಾಟ್, ಏಕೆಂದರೆ ಮೀಟರ್ ವಾಪಸು ಬಂದದ್ದನ್ನು ಕಳೆದೇ ಲೆಕ್ಕ ಇಡುತ್ತದೆ. 1275ನ್ನು 1610ರಿಂದ ಭಾಗಿಸಿ: 0.79. ನಿಮ್ಮ ಮೋಟರಿನ ಪವರ್ ಫ್ಯಾಕ್ಟರ್ ಅದು. ಬಿಲ್ಲು ಬರುವುದೂ 1275ಕ್ಕೇ ಹೊರತು 1610ಕ್ಕಲ್ಲ. ಒಂದು ಗಂಟೆ ಓಡಿಸಿದರೆ ಒಂದೂಕಾಲು ಯೂನಿಟ್ಟಿಗಿಂತ ತುಸು ಹೆಚ್ಚು.

ಈ ಪ್ರಯೋಗವನ್ನು ದಯವಿಟ್ಟು ಮಾಡಿ. ಐಟಿಐನ ಮೊದಲ ವರ್ಷದಲ್ಲೇ ಇದು ಕೈಗೆ ಹತ್ತಿಬಿಟ್ಟರೆ ಮುಂದೆ ಪವರ್ ಫ್ಯಾಕ್ಟರಿನ ಅಧ್ಯಾಯ ನಿಮಗೆ ಕಬ್ಬಿಣದ ಕಡಲೆ ಆಗುವುದಿಲ್ಲ.

ಮೂರನೆಯದು, ಮೋಟರಿನ ರೋಧ. 230ನ್ನು 7ರಿಂದ ಭಾಗಿಸಿದರೆ 33 ಓಮ್ ಸಿಗುತ್ತದೆ. ಮೋಟರ್ ನಿಲ್ಲಿಸಿ, ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ವೈಂಡಿಂಗಿಗೆ ಮಲ್ಟಿಮೀಟರ್ ಹಿಡಿದರೆ ಕೆಲವೇ ಓಮ್ ತೋರಿಸುತ್ತದೆ; 3 ಎಂದು ಇಟ್ಟುಕೊಳ್ಳೋಣ. ಹಾಗಿದ್ದರೆ 230ನ್ನು 3ರಿಂದ ಭಾಗಿಸಿದಷ್ಟು, ಅಂದರೆ 77 ಆಂಪಿಯರ್ ಏಕೆ ಹರಿಯುವುದಿಲ್ಲ? ಎಸಿಯಲ್ಲಿ ವೈಂಡಿಂಗಿನೊಳಗೆ ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಅದೇ ವೈಂಡಿಂಗಿನಲ್ಲಿ ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ. ಲೈನಿನ 230ರಲ್ಲಿ ಬಹುಪಾಲನ್ನು ಅದು ತಡೆದು ನಿಲ್ಲಿಸುತ್ತದೆ. ರೋಟರ್ (ಮೋಟರಿನ ತಿರುಗುವ ಭಾಗ) ಪೂರ್ತಿ ವೇಗದಲ್ಲಿ ತಿರುಗುತ್ತಿರುವಾಗ ಈ ತಡೆ ಜೋರಾಗಿರುತ್ತದೆ, 7 ಆಂಪಿಯರಿಗೆ ನಿಲ್ಲುತ್ತದೆ. ಸ್ಟಾರ್ಟ್ ಆಗುವ ಹೊತ್ತಿನಲ್ಲಿ, ಅಥವಾ ಪಂಪಿಗೆ ಮರಳು ಸಿಕ್ಕಿ ರೋಟರ್ ಕಚ್ಚಿಕೊಂಡಾಗ, ತಡೆ ಬಹಳ ಕುಗ್ಗಿ ಕರೆಂಟ್ ನಾಲ್ಕೈದು ಪಟ್ಟು ಹಾರುತ್ತದೆ. ಜಾಮ್ ಆದ ಮೋಟರಿಗೆ ಮತ್ತೆ ಮತ್ತೆ ಸ್ವಿಚ್ ಒತ್ತಿದರೆ ವೈಂಡಿಂಗ್ ಸುಡುವುದು ಹೀಗೆ.

ಆ 3 ಓಮ್ ವ್ಯರ್ಥ ಅಂಕಿಯೇನಲ್ಲ. ವೈಂಡಿಂಗ್ ಎಷ್ಟು ಕಾಯುತ್ತದೆ ಎಂಬ ಲೆಕ್ಕಕ್ಕೆ ಬೇಕಾದದ್ದು ಅದೇ. 7 × 7 × 3 = 147 ವಾಟ್ ಶಾಖ ತಾಮ್ರದಲ್ಲಿ ಹುಟ್ಟುತ್ತದೆ. ಈಗ ಸಂಜೆಯ 190 ವೋಲ್ಟಿಗೆ ಬನ್ನಿ. ಪಂಪ್ ಎತ್ತಬೇಕಾದ ನೀರು, ಎತ್ತರ ಎರಡೂ ಹಾಗೆಯೇ ಇವೆ. ಮೋಟರಿನ ವೇಗವೂ ಹೆಚ್ಚೇನೂ ಇಳಿಯುವುದಿಲ್ಲ. ಅಷ್ಟೇ ಕೆಲಸವನ್ನು ಕಡಿಮೆ ವೋಲ್ಟಿನಲ್ಲಿ ಮಾಡಬೇಕೆಂದರೆ ಹೆಚ್ಚು ಆಂಪಿಯರ್ ಎಳೆಯಲೇಬೇಕು. 8.5ಕ್ಕೆ ಏರಿತು ಎನ್ನಿ. 8.5 × 8.5 × 3 = 217 ವಾಟ್. ಆಂಪಿಯರ್ ಶೇ. 21ರಷ್ಟು ಏರಿದ್ದಕ್ಕೆ ಶಾಖ ಶೇ. 47ರಷ್ಟು ಏರಿತು. ಗೀಸರ್ ಒಂದು ಕಾಯಿಲ್ ಮಾತ್ರ, ವೋಲ್ಟೇಜ್ ಕೊಟ್ಟಷ್ಟು ಕೆಲಸ ಮಾಡುತ್ತದೆ. ಮೋಟರಿಗೆ ಹೊರೆ ಕಟ್ಟಿಯಾಗಿದೆ, ವೋಲ್ಟೇಜ್ ಇಳಿಯಿತೆಂದು ಅದನ್ನು ಇಳಿಸಲಾಗದು. ನೀವು ಗಮನಿಸಿದ ವ್ಯತ್ಯಾಸದ ಕಾರಣ ಇದು, ಮತ್ತು ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಗಮನಿಕೆಯೇ.

ಸ್ಟಾರ್ಟರಿನ ಓವರ್‌ಲೋಡ್ ರಿಲೇ (ಆಂಪಿಯರ್ ಹೆಚ್ಚಾದರೆ ಮೋಟರನ್ನು ನಿಲ್ಲಿಸುವ ಭಾಗ) ಸಂಜೆ ಹೊತ್ತು ಟ್ರಿಪ್ ಆಗುತ್ತದೆಂದು ಅದರ ಸೆಟ್ಟಿಂಗನ್ನು ತಿರುಗಿಸಿ ಮೇಲೇರಿಸುವ ಅಭ್ಯಾಸ ಹಳ್ಳಿಗಳಲ್ಲಿದೆ. ಇನ್ನು ಮುಂದೆ ನಿಮ್ಮನ್ನೇ ಕರೆದು ಹಾಗೆ ಮಾಡಿಕೊಡು ಎನ್ನುತ್ತಾರೆ. ಒಪ್ಪಬೇಡಿ. ರಿಲೇ ಆ 217 ವಾಟಿನಿಂದ ವೈಂಡಿಂಗನ್ನು ಕಾಯುತ್ತಿದೆ. ವೋಲ್ಟೇಜ್ ಬರುವ ತನಕ ಮೋಟರ್ ನಿಲ್ಲಿಸುವುದು, ರೀವೈಂಡಿಂಗಿಗೆ ದುಡ್ಡು ಸುರಿಯುವುದಕ್ಕಿಂತ ಎಷ್ಟೋ ವಾಸಿ.

ನಿಮ್ಮ ಬೋರ್ ಮನೆಯಿಂದ ಎಷ್ಟು ದೂರ ಎಂದು ಬರೆದಿಲ್ಲ. ಅದನ್ನೂ ನೋಡಬೇಕು, ಏಕೆಂದರೆ 190 ಎಂಬುದು ಮನೆಯ ಬೋರ್ಡಿನಲ್ಲಿ ಕಂಡದ್ದಾದರೆ ಮೋಟರಿನ ತಲೆಯಲ್ಲಿ ಇನ್ನೂ ಕಡಿಮೆ ಇರುತ್ತದೆ. 1 ಚದರ ಮಿಲಿಮೀಟರಿನ ತಾಮ್ರದ ತಂತಿ ಮೀಟರಿಗೆ 0.0172 ಓಮ್ ರೋಧ ಒಡ್ಡುತ್ತದೆ. ಬೋರ್ ತನಕ 140 ಮೀಟರ್, ಕೆಳಕ್ಕೆ 60 ಮೀಟರ್, ಒಟ್ಟು 200 ಮೀಟರ್ ಕೇಬಲ್ ಎಂದುಕೊಳ್ಳಿ, ದಪ್ಪ 2.5 ಚದರ ಮಿಲಿಮೀಟರ್. ಹೋಗುವ ತಂತಿ, ಬರುವ ತಂತಿ ಸೇರಿ 400 ಮೀಟರ್. 400 × 0.0172 ÷ 2.5 ಅಂದರೆ 2.75 ಓಮ್. 7 ಆಂಪಿಯರ್ ಹರಿದರೆ 19 ವೋಲ್ಟ್ ದಾರಿಯಲ್ಲೇ ಉಳಿಯಿತು, 135 ವಾಟ್ ಮಣ್ಣು ಬೆಚ್ಚಗಾಗಲು ಹೋಯಿತು. ಮೋಟರ್ ಸ್ಟಾರ್ಟ್ ಆಗುವಾಗ 25 ಆಂಪಿಯರ್ ಎಳೆದರೂ 69 ವೋಲ್ಟ್ ತಂತಿ ತಿಂದುಬಿಡುತ್ತದೆ. ಮೋಟರಿಗೆ ಸಿಗುವುದು 160ರ ಆಸುಪಾಸು, ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಅರ್ಧಕ್ಕೆ ಬಂತು. ಗುಂಯ್ ಎನ್ನುತ್ತದೆ, ಏಳುವುದಿಲ್ಲ. ಇಂಥ ಕಡೆ ಮೋಟರ್ ಏಳಲು ನೆರವಾಗುವ ಕೆಪಾಸಿಟರನ್ನು ಬದಲಿಸಿ ಬದಲಿಸಿ ಸೋಲುವವರಿದ್ದಾರೆ. ಕೇಬಲ್ 4 ಚದರ ಮಿಲಿಮೀಟರಿನದಾದರೆ ರೋಧ 1.72 ಓಮಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಕೇಬಲ್ ಆದರೆ 0.0172ರ ಜಾಗದಲ್ಲಿ 0.028 ಹಾಕಿ ಲೆಕ್ಕ ಮಾಡಿ.

ಈ ಲೆಕ್ಕದಲ್ಲಿ ನಿಮ್ಮ ತರಗತಿಯ ಅರ್ಧಕ್ಕರ್ಧ ಮಂದಿ ಎಡವುವ ಒಂದು ಜಾಗವಿದೆ. ತಂತಿಯಲ್ಲಿ ಹೋಗುವ ಪವರ್ ಕಂಡುಹಿಡಿಯಲು 230 × 230 ÷ 2.75 ಮಾಡುತ್ತಾರೆ. ಉತ್ತರ 19,000 ವಾಟ್ ದಾಟುತ್ತದೆ. 230 ವೋಲ್ಟ್ ಇರುವುದು ತಂತಿಯ ಮತ್ತು ಮೋಟರಿನ ಇಡೀ ಸರಣಿಗೆ. ತಂತಿಯ ಪಾಲಿಗೆ ಬಂದದ್ದು 19 ವೋಲ್ಟ್ ಮಾತ್ರ. ಯಾವುದರ ಓಮನ್ನು ತೆಗೆದುಕೊಂಡಿರೋ ಅದರ ಎರಡು ತುದಿಗಳ ನಡುವಿನ ವೋಲ್ಟನ್ನೇ ಹಾಕಬೇಕು. ಅನುಮಾನ ಬಂದರೆ ಆಂಪಿಯರ್ × ಆಂಪಿಯರ್ × ಓಮ್ ಬಳಸಿ. ಸರಣಿಯಲ್ಲಿ ಆಂಪಿಯರ್ ಎಲ್ಲ ಕಡೆಯೂ ಒಂದೇ ಆದ್ದರಿಂದ ಅಲ್ಲಿ ಜಾರಲು ಅವಕಾಶವಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಒಯ್ದವರೂ ಇದೇ ಲೆಕ್ಕ ಹಾಕಿಯೇ ಮೂವತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಲೈನ್ ಎಳೆದರು. ಅಷ್ಟೇ ಪವರನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳಿಸಿದರೆ ಆಂಪಿಯರ್ ಹತ್ತನೇ ಒಂದು ಪಾಲಾಗುತ್ತದೆ, ತಂತಿಯಲ್ಲಿನ ನಷ್ಟ ನೂರನೇ ಒಂದು ಪಾಲಾಗುತ್ತದೆ.

ಗೀಸರಿನ ಪ್ಲಗ್ಗಿಗೂ ಇದೇ ಸೂತ್ರ. ಸಾಕೆಟ್ಟಿನ ಒಳಗಿನ ಸ್ಕ್ರೂ ಸಡಿಲವಾಗಿ ಅರ್ಧ ಓಮ್ ರೋಧ ಸೇರಿಕೊಂಡಿತು ಎನ್ನಿ. 8.5 × 8.5 × 0.5 ಅಂದರೆ 36 ವಾಟ್. ನಿಮ್ಮ ವರ್ಕ್‌ಶಾಪಿನ ಸೋಲ್ಡರಿಂಗ್ ಐರನ್ 25 ವಾಟಿನದು. ಅದಕ್ಕಿಂತ ಬಿಸಿಯಾದ ಒಂದನ್ನು ಗೋಡೆಯೊಳಗೆ ಇಟ್ಟಂತಾಯಿತು. ಗೀಸರಿಗೆ ಇದರಿಂದ ಏನೂ ಆಗುವುದಿಲ್ಲ, ನೀರು ಕಾಯುತ್ತಲೇ ಇರುತ್ತದೆ. ಎಂಸಿಬಿಯೂ ಬೀಳುವುದಿಲ್ಲ, ಆಂಪಿಯರ್ ಹೆಚ್ಚಿಲ್ಲವಲ್ಲ. ಆದ್ದರಿಂದ ಪ್ಲಗ್ ಟಾಪ್ ಕಂದಾಗಿದ್ದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಅಂದೇ ಬಿಚ್ಚಿ ನೋಡಿ.

ನಿಮ್ಮ ಅಳತೆಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯುವಾಗ ವೋಲ್ಟ್, ಆಂಪಿಯರ್ ಜೊತೆ ಇನ್ನೆರಡು ಕಾಲಂ ಹಾಕಿ: ವಸ್ತು ತಣ್ಣಗಿತ್ತೋ ಓಡುತ್ತಿತ್ತೋ ಎಂಬುದು ಒಂದು, ಮಿಣುಕು ಎಣಿಸಿ ಪಡೆದ ವಾಟ್ ಇನ್ನೊಂದು. ವೋಲ್ಟ್, ಆಂಪಿಯರ್ ಎರಡನ್ನೂ ಲೋಡ್ ಓಡುತ್ತಿರುವಾಗ, ಒಂದರ ಹಿಂದೊಂದು ಕೂಡಲೇ ತೆಗೆದುಕೊಳ್ಳಿ. ಬೆಳಗಿನ ವೋಲ್ಟಿಗೆ ಸಂಜೆಯ ಆಂಪಿಯರ್ ಗುಣಿಸಬೇಡಿ. ತ್ರೀ ಫೇಸ್ ಮೋಟರ್ ಸಿಕ್ಕಿದಾಗ ಎರಡು ಫೇಸುಗಳ ನಡುವಿನ ವೋಲ್ಟ್ × ಒಂದು ಲೈನಿನ ಆಂಪಿಯರ್ × 1.732 × ಪವರ್ ಫ್ಯಾಕ್ಟರ್. 5 ಎಚ್‌ಪಿಯದು 415 ವೋಲ್ಟಿನಲ್ಲಿ 9 ಆಂಪಿಯರ್ ಎಳೆದು ಪವರ್ ಫ್ಯಾಕ್ಟರ್ 0.8 ಇದ್ದರೆ ಸುಮಾರು 5175 ವಾಟ್.

ಕ್ಲ್ಯಾಂಪ್ ಮೀಟರನ್ನು ಫೇಸ್ ಅಥವಾ ನ್ಯೂಟ್ರಲ್, ಯಾವುದಾದರೂ ಒಂದೇ ತಂತಿಯ ಸುತ್ತ ಹಾಕಿ. ಎರಡನ್ನೂ ಸೇರಿಸಿ ಹಿಡಿದರೆ ಒಂದರ ಕಾಂತಕ್ಷೇತ್ರ ಇನ್ನೊಂದರದ್ದನ್ನು ಅಳಿಸಿ ಸೊನ್ನೆ ತೋರಿಸುತ್ತದೆ. ಓಮ್ ಅಳೆಯುವಾಗ ಪ್ಲಗ್ ಕಿತ್ತಿರಲಿ, ಕೆಪಾಸಿಟರ್ ಇದ್ದರೆ ಡಿಸ್ಚಾರ್ಜ್ ಆಗಿರಲಿ. ಮಲ್ಟಿಮೀಟರಿನಲ್ಲಿ ಆಂಪಿಯರ್ ಅಳೆದಾದ ಮೇಲೆ ಕೆಂಪು ವೈರನ್ನು 10 ಆಂಪಿಯರಿನ ತೂತಿನಿಂದ ಕಿತ್ತು ವೋಲ್ಟಿನ ತೂತಿಗೆ ಹಾಕದೆ ಮೀಟರನ್ನು ಕೆಳಗಿಡಬೇಡಿ. ಆ ತೂತಿನ ಹಿಂದೆ ಇರುವುದು ರೋಧವೇ ಇಲ್ಲ ಎನ್ನಬಹುದಾದ ದಪ್ಪ ತಂತಿಯ ತುಂಡು. ಮರೆತು ಹಾಗೆಯೇ ಸಾಕೆಟ್ಟಿನ ವೋಲ್ಟ್ ನೋಡಲು ಹೋದರೆ 230 ವೋಲ್ಟನ್ನು ಸೊನ್ನೆಯ ಹತ್ತಿರದ ಓಮಿನಿಂದ ಭಾಗಿಸಿದಂತಾಗುತ್ತದೆ, ಅದು ಸಿಡಿಯುವುದು ನಿಮ್ಮ ಕೈಯಲ್ಲೇ.